ನಿಂತುಹೋದ ದಿನಚರಿಯ ಪುನರಾರಂಭ: ಕರಾವಳಿಯ ನಾಲ್ಕು ಪಾಠಗಳು

ಪೀಠಿಕೆ

ಶಾಲೆಯ ಮೊದಲ ಗಂಟೆ ಬಾರಿಸಿದೊಡನೆ ತರಗತಿಯ ಉಪಾಧ್ಯಾಯರು ಹಾಜರಿ ಪುಸ್ತಕವನ್ನು ತೆರೆಯುವರು. ನಿನ್ನೆ ಬಂದವರ ಹೆಸರನ್ನು ಕರೆಯುವಂತೆಯೇ ನಿನ್ನೆ ಬಾರದವರ ಹೆಸರನ್ನೂ ಕರೆಯುವರು. ಮೂರು ದಿನ ಗೈರುಹಾಜರಾದ ಬಾಲಕನು ನಾಲ್ಕನೆಯ ದಿನ ಬಂದು ಎದ್ದುನಿಂತು ಓಗೊಟ್ಟರೆ ಸಾಕು, ಅವನ ಹೆಸರಿನ ಮುಂದೆ ಅಂದಿನ ಹಾಜರಿ ಬೀಳುತ್ತದೆ. ಕಳೆದ ಮೂರು ದಿನಗಳನ್ನು ತುಂಬಿಕೊಡುವ ತನಕ ಒಳಗೆ ಬರಕೂಡದೆಂದು ಯಾರೂ ಹೇಳುವುದಿಲ್ಲ. ಆದುದರಿಂದಲೇ ಆ ಪುಸ್ತಕವು ಶಾಲಾ ವರ್ಷದ ಮೊದಲ ದಿನದಿಂದ ಕೊನೆಯ ದಿನದವರೆಗೆ ಎಲ್ಲಿಯೂ ಕಡಿಯದೆ ಸಾಗುತ್ತದೆ.

ಅದೇ ಉಪಾಧ್ಯಾಯರ ಮೇಜಿನ ಖಾನೆಯಲ್ಲಿ ಇನ್ನೊಂದು ಪುಸ್ತಕವಿರುವುದುಂಟು. ಮಾಡಬೇಕಾದ ಕೆಲಸಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕೆಂದು ಹೊಸ ವರ್ಷದ ಉತ್ಸಾಹದಲ್ಲಿ ಆರಂಭಿಸಿದ ದಿನಚರಿ ಅದು. ಜನವರಿಯ ಹಾಳೆಗಳು ತುಂಬಿವೆ. ಫೆಬ್ರುವರಿಯಲ್ಲಿ ಅಲ್ಲೊಂದು ಇಲ್ಲೊಂದು ಸಾಲು. ಪರೀಕ್ಷೆಯ ಗಡಿಬಿಡಿ ಮೊದಲಾದ ಮೇಲೆ ಹಾಳೆಗಳು ಬರಿದಾಗಿವೆ. ಇಂದಿನ ದಿನಗಳಲ್ಲಿ ಈ ಪಟ್ಟಿಯು ಮೊಬೈಲ್ ಫೋನಿನೊಳಗೆ ಇರುವುದೂ ಉಂಟು. ಆದರೆ ಅದರ ಗತಿ ಬೇರೆಯಲ್ಲ. ನೆನಪಿಸುವ ಗಂಟೆ ದಿನವೂ ಮೊಳಗುತ್ತದೆ. ಬೆರಳು ಅದನ್ನು ದಿನವೂ ಸುಮ್ಮನಾಗಿಸುತ್ತದೆ.

ಹೀಗೆ ನಿಂತುಹೋದ ದಿನಚರಿಯನ್ನು ಮತ್ತೆ ನಡೆಸುವ ಬಗೆ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ. ಬಯಲುಸೀಮೆಯ ಶಾಲೆಗಳು ಶೈಕ್ಷಣಿಕ ಪ್ರವಾಸಕ್ಕಾಗಿ ಕರಾವಳಿಗೆ ಇಳಿದಾಗ ಕಾರ್ಕಳ, ಮಣಿಪಾಲ, ಉಡುಪಿ, ಕಾಪು ಎಂಬ ನಾಲ್ಕು ಊರುಗಳನ್ನು ಒಂದೇ ದಾರಿಯಲ್ಲಿ ನೋಡಬಹುದು. ಕಾರ್ಕಳದಿಂದ ಹಿರಿಯಡಕದ ಮಾರ್ಗವಾಗಿ ಬಂದರೆ ಮೊದಲು ಮಣಿಪಾಲ, ಬಳಿಕ ಉಡುಪಿ. ಅಲ್ಲಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಕಾಪು. ಪ್ರವಾಸಿಗರು ಅಲ್ಲಿ ಮೂರ್ತಿಯನ್ನೂ ಮಂದಿರವನ್ನೂ ಸಮುದ್ರವನ್ನೂ ಕಂಡು ಹಿಂದಿರುಗುತ್ತಾರೆ. ಆದರೆ ದೀರ್ಘಕಾಲ ಕೆಡದೆ ನಡೆದುಬಂದ ಕೆಲವು ವ್ಯವಸ್ಥೆಗಳೂ ಅಲ್ಲಿವೆ. ಅವುಗಳನ್ನು ಅದೇ ಅನುಕ್ರಮದಲ್ಲಿ ಪರಿಶೀಲಿಸಿದರೆ, ನಿಂತುಹೋದ ದಿನಚರಿಯನ್ನು ಮತ್ತೆ ಆರಂಭಿಸುವ ಕ್ರಮವೇ ಒಂದೊಂದಾಗಿ ಕಣ್ಣಿಗೆ ಕಟ್ಟುತ್ತದೆ.

ದಿನಚರಿ ನಿಲ್ಲುವುದೇಕೆ?

ದಿನಚರಿ ನಿಂತುದಕ್ಕೆ ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅದೇ ವ್ಯಕ್ತಿ ಹಾಜರಿ ಪುಸ್ತಕವನ್ನು ಒಂದು ದಿನವೂ ತಪ್ಪಿಸುವುದಿಲ್ಲವೆಂಬುದನ್ನು ಗಮನಿಸಿದರೆ ಕಾರಣಗಳು ಬೇರೆಯೇ ಇರಬೇಕೆಂದು ತೋರುತ್ತದೆ. ಮೊದಲನೆಯದಾಗಿ, ಹಾಜರಿ ಪುಸ್ತಕದಲ್ಲಿ ಬರೆಯತಕ್ಕದ್ದು ಇಷ್ಟೇ ಎಂಬ ಮಿತಿಯಿದೆ. ದಿನಚರಿಯಲ್ಲಿ ಮಾಡಲೇಬೇಕಾದ ಕೆಲಸ, ಮಾಡಿದರೆ ಒಳ್ಳೆಯದೆನಿಸುವ ಕೆಲಸ, ಎಂದೋ ಕಂಡ ಕನಸು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಎರಡನೆಯದಾಗಿ, ಹಾಜರಿ ಪುಸ್ತಕವನ್ನು ತೆರೆಯಲು ಗಂಟೆಯೊಂದು ಗೊತ್ತಾಗಿದೆ. ದಿನಚರಿಗೆ 'ಬಿಡುವಾದಾಗ' ಎಂಬುದೇ ಸಮಯ, ಬಿಡುವು ಎಂದಿಗೂ ತಾನಾಗಿ ಬರುವುದಿಲ್ಲ. ಮೂರನೆಯ ಕಾರಣವೇ ಎಲ್ಲಕ್ಕಿಂತ ಬಲವಾದುದು. ತಪ್ಪಿದ ದಿನಗಳು ಹೆಚ್ಚಿದಷ್ಟೂ ಆ ಪುಸ್ತಕವನ್ನು ತೆರೆಯಲು ಸಂಕೋಚವೂ ಹೆಚ್ಚುತ್ತದೆ. ಸಾಲ ಕೊಟ್ಟವನನ್ನು ಕಂಡು ಬೀದಿ ಬದಲಿಸುವವನಂತೆ ಮನುಷ್ಯನು ತನ್ನ ಕೈಬರಹವನ್ನೇ ಕಂಡು ಮುಖ ತಿರುಗಿಸುತ್ತಾನೆ. ಕಡೆಗೆ ಅಂಗಡಿಗೆ ಹೋಗಿ ಹೊಸ ಪುಸ್ತಕವೊಂದನ್ನು ಕೊಳ್ಳುತ್ತಾನೆ. ಹೊಸ ಪುಸ್ತಕಕ್ಕೂ ಫೆಬ್ರುವರಿ ಬರುತ್ತದೆ.

ಇದು ಕೇವಲ ವೈಯಕ್ತಿಕ ಅಚ್ಚುಕಟ್ಟಿನ ಪ್ರಶ್ನೆಯಾಗಿದ್ದರೆ ಇಷ್ಟು ಚಿಂತಿಸಬೇಕಾದುದಿಲ್ಲ. ಆದರೆ ಶಿಕ್ಷಕನ ಪಟ್ಟಿಯಲ್ಲಿರುವ ಸಾಲುಗಳು ಎಂತಹವು? ವಿದ್ಯಾರ್ಥಿವೇತನದ ಅರ್ಜಿಯೊಂದಕ್ಕೆ ದೃಢೀಕರಣ ಬರೆದುಕೊಡುವುದು. ದೂರದ ಊರಿನಲ್ಲಿ ಉದ್ಯೋಗಕ್ಕೆ ಸೇರಬೇಕಾದ ಹಳೆಯ ವಿದ್ಯಾರ್ಥಿಗೆ ವ್ಯಾಸಂಗ ಪ್ರಮಾಣಪತ್ರ ಕಳುಹಿಸುವುದು. ತಾಯಿಯ ಹೆಸರಿನಲ್ಲಿ ದತ್ತಿಯಿಟ್ಟ ದಾನಿಗೆ ಈ ವರ್ಷದ ಬಹುಮಾನ ಯಾರಿಗೆ ಸಂದಿತೆಂದು ಒಂದು ಪತ್ರ ಬರೆಯುವುದು. ಓದಿನಲ್ಲಿ ಹಿಂದುಳಿದ ಬಾಲಕಿಯ ಮನೆಯವರನ್ನು ಕಂಡು ಮಾತನಾಡುವುದು. ಇವುಗಳಲ್ಲಿ ಒಂದೊಂದೂ ಯಾರಿಗೋ ಕೊಟ್ಟ ಮಾತು. ಬರೆದವರಿಗೆ ಅದೊಂದು ಸಾಲು. ಅರ್ಜಿಯ ಅವಧಿ ಮೀರಿಹೋದ ಬಡ ವಿದ್ಯಾರ್ಥಿಗೆ ಅದೊಂದು ವರ್ಷ. ಆದುದರಿಂದ ನಿಂತುಹೋದ ದಿನಚರಿಯನ್ನು ಎತ್ತಿಕೊಳ್ಳುವುದೆಂದರೆ ಕೊಟ್ಟ ಮಾತನ್ನು ಎತ್ತಿಕೊಳ್ಳುವುದೆಂದೇ ಅರ್ಥ.

ಕಾರ್ಕಳ: ಹೂಳೆತ್ತುವುದು

ಕಾರ್ಕಳದ ಆನೆಕೆರೆಯ ನಡುವೆ ಬಸದಿಯೊಂದಿದೆ, ಸುತ್ತಲೂ ನೀರು. ಇಂತಹ ಕೆರೆಗಳ ಸ್ವಭಾವವನ್ನು ಬಯಲುಸೀಮೆಯ ಜನ ಚೆನ್ನಾಗಿ ಬಲ್ಲರು. ಪ್ರತಿ ಮಳೆಗಾಲದಲ್ಲಿಯೂ ನೀರಿನೊಂದಿಗೆ ಮಣ್ಣು ಬರುತ್ತದೆ. ಮಣ್ಣು ತಳದಲ್ಲಿ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಕೆರೆ ತುಂಬಿದಂತೆಯೇ ಕಾಣುತ್ತದೆ. ಆದರೆ ಅದು ಹಿಡಿಯುವ ನೀರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುತ್ತದೆ. ಹಾಗೆಂದು ಊರಿನವರು ಹೊಸ ಕೆರೆಯನ್ನು ತೋಡಿಸಹೋಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳೆತ್ತುತ್ತಾರೆ. ತೆಗೆದ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಾರೆ, ಅದು ಗೊಬ್ಬರವಾಗುತ್ತದೆ.

ನಿಂತುಹೋದ ದಿನಚರಿಯೂ ಹೂಳು ತುಂಬಿದ ಕೆರೆಯೇ ಸರಿ. ನೂರು ಸಾಲುಗಳಿದ್ದರೂ ಅವುಗಳಲ್ಲಿ ಜೀವವಿರುವವು ಕೆಲವೇ. ಆದುದರಿಂದ ಪುನರಾರಂಭದ ಮೊದಲ ಹೆಜ್ಜೆ ಕೆಲಸ ಮಾಡುವುದಲ್ಲ, ಹೂಳೆತ್ತುವುದು. ಹಳೆಯ ಪುಟಗಳನ್ನು ಒಮ್ಮೆ ಆದ್ಯಂತವಾಗಿ ಓದಬೇಕು. ಓದುತ್ತ ಹೋದಂತೆ ಪ್ರತಿಯೊಂದು ಸಾಲನ್ನೂ ಮೂರರಲ್ಲಿ ಒಂದು ಗುಂಪಿಗೆ ಸೇರಿಸಬೇಕು: ಕಾಲ ಮೀರಿದುದು, ಕಾಲ ಬಂದಿಲ್ಲದುದು, ಕಾಲ ಬಂದಿರುವುದು.

ಕಾಲ ಮೀರಿದುದನ್ನು ಒಂದು ಗೆರೆ ಎಳೆದು ಹೊಡೆದುಹಾಕಬೇಕು. ಆದರೆ ಅದು ಯಾರಿಗಾದರೂ ಕೊಟ್ಟ ಮಾತಾಗಿದ್ದರೆ ಗೆರೆ ಎಳೆಯುವ ಮೊದಲು ಅವರಿಗೆ ಒಂದು ಮಾತು ತಿಳಿಸಬೇಕು. ತಪ್ಪಾಯಿತೆಂದು ಎರಡು ಸಾಲಿನ ಪತ್ರ ಬರೆಯಲು ಐದು ನಿಮಿಷ ಸಾಕು. ಬರೆಯದೆ ಉಳಿದ ಆ ಎರಡು ಸಾಲುಗಳೇ ವರ್ಷಗಟ್ಟಲೆ ಪುಸ್ತಕವನ್ನು ಮುಚ್ಚಿಸುವಂಥವು. ಹೊಡೆದುಹಾಕಿದ ಸಾಲುಗಳಿಂದಲೂ ಪ್ರಯೋಜನವುಂಟು. ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ತಪ್ಪಿದುದು ಕಂಡುಬಂದರೆ ಅದರ ಕಾರಣವನ್ನು ಯೋಚಿಸಬಹುದು. ಹೀಗೆ ಹೂಳೇ ಗೊಬ್ಬರವಾಗುತ್ತದೆ.

ಕಾಲ ಬಂದಿಲ್ಲದುದಕ್ಕೂ ಕಾರ್ಕಳದಲ್ಲಿಯೇ ನಿದರ್ಶನವಿದೆ. ಅಲ್ಲಿನ ಬೆಟ್ಟದ ಮೇಲೆ 1432ರಲ್ಲಿ ಭೈರರಸ ವಂಶದ ವೀರಪಾಂಡ್ಯನು ಸ್ಥಾಪಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟ ಮೂರ್ತಿಗೆ ಸಾಮಾನ್ಯವಾಗಿ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2002ರಲ್ಲಿಯೂ 2015ರಲ್ಲಿಯೂ ಅದು ನಡೆಯಿತು. ನಡುವಿನ ವರ್ಷಗಳಲ್ಲಿ ಅಟ್ಟಣೆ ಕಟ್ಟಲಿಲ್ಲವೆಂದು ಯಾರೂ ಪಶ್ಚಾತ್ತಾಪ ಪಡುವುದಿಲ್ಲ. ಆದರೂ ಅದು ಮರೆತುಹೋಗುವುದಿಲ್ಲ. ಗ್ರಂಥರಚನೆ, ಮನೆಯ ದುರಸ್ತಿ, ಹೊಸ ಭಾಷೆಯ ಕಲಿಕೆ ಮುಂತಾದ ದೀರ್ಘಕಾಲದ ಹಂಬಲಗಳನ್ನು ಇಂದಿನ ಪಟ್ಟಿಯಿಂದ ತೆಗೆದು ಪುಸ್ತಕದ ಕೊನೆಯ ಪುಟಕ್ಕೆ ಸಾಗಿಸಬೇಕು. ಅವು ಅಲ್ಲಿ ತಮ್ಮ ವರ್ಷಕ್ಕಾಗಿ ಕಾದಿರುತ್ತವೆ. ಇಷ್ಟು ಮಾಡಿದಾಗ ಮುಂದಿನ ಪುಟದಲ್ಲಿ ಉಳಿಯುವುದು ಹತ್ತೋ ಹನ್ನೆರಡೋ ಸಾಲುಗಳು ಮಾತ್ರ.

ಮಣಿಪಾಲ: ಎರಡಾಣೆಯ ಧರ್ಮ

ಉಳಿದ ಹತ್ತು ಹನ್ನೆರಡು ಕೆಲಸಗಳನ್ನು ಒಂದೇ ಭಾನುವಾರದಲ್ಲಿ ಮುಗಿಸಿಬಿಡುವೆನೆಂಬ ಹಟ ಆರಂಭದಲ್ಲಿಯೇ ಹುಟ್ಟುತ್ತದೆ. ಮಣಿಪಾಲದ ಇತಿಹಾಸವು ಈ ಹಟಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ. ಎಂ. ಎ. ಪೈ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಕೈಮಗ್ಗದ ಉದ್ಯಮ ಕುಸಿದು ಕಷ್ಟಕ್ಕೆ ಸಿಲುಕಿದ ನೇಕಾರರಿಗೆ ನೆರವಾಗುವುದು ಅದರ ಮೂಲೋದ್ದೇಶಗಳಲ್ಲಿ ಒಂದಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಿಂದ ಮಣಿಪಾಲದಲ್ಲಿ ಪ್ರಧಾನ ಕಛೇರಿಯನ್ನು ಹೊಂದಿ ದೇಶವ್ಯಾಪಿಯಾಗಿ ಬೆಳೆದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯ ಹೆಸರು ಕರ್ನಾಟಕದ ಅಂಗಡಿಬೀದಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಪಿಗ್ಮಿಯ ಕ್ರಮ ಸರ್ವವಿದಿತ. ಉಳಿತಾಯ ಮಾಡುವವರು ಬ್ಯಾಂಕಿಗೆ ಹೋಗಬೇಕಾದುದಿಲ್ಲ. ಸಂಗ್ರಾಹಕರೇ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬರುವರು. ಆರಂಭದಲ್ಲಿ ದಿನಕ್ಕೆ ಎರಡಾಣೆಯಷ್ಟು ಕಿರುಮೊತ್ತವನ್ನೂ ಸ್ವೀಕರಿಸಲಾಗುತ್ತಿತ್ತು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಅಂದಿನ ಬಡ ನೇಕಾರನು ಆ ಮೊತ್ತವನ್ನು ಒಂದೇ ಬಾರಿಗೆ ಹೊಂದಿಸಲಾರನು. ದಿನದ ಎರಡಾಣೆಯನ್ನಾದರೋ ಹೇಗಾದರೂ ಹೊಂದಿಸಬಲ್ಲನು. ಹಾಗೆಯೇ ಹತ್ತು ದಿನ ಕೊಡಲಾಗದೆ ಹೋದವನ ಬಳಿ ಹನ್ನೊಂದನೆಯ ದಿನ ಒಂದು ರೂಪಾಯಿ ನಾಲ್ಕಾಣೆಯ ಬಾಕಿ ಇರಲಾರದು. ಅಂದಿನ ಎರಡಾಣೆ ಇರಬಹುದು. ಅದನ್ನು ಕೊಟ್ಟರೆ ಉಳಿತಾಯ ಮತ್ತೆ ನಡೆಯಿತೆಂದೇ ಲೆಕ್ಕ.

ದಿನಚರಿಯ ಪುನರಾರಂಭಕ್ಕೂ ಇದೇ ಸೂತ್ರ. ಬಾಕಿಯನ್ನು ತೀರಿಸಹೋಗದೆ ಇಂದಿನ ಎರಡಾಣೆಯನ್ನು ಕೊಡಬೇಕು. ಮೊದಲ ವಾರದಲ್ಲಿ ದಿನಕ್ಕೆ ಎರಡೇ ಕೆಲಸಗಳನ್ನು ಬರೆಯತಕ್ಕದ್ದು. ಒಂದು ಹೊಸದು, ಒಂದು ಹಳೆಯ ಬಾಕಿಯಿಂದ ಆರಿಸಿದುದು. ಅವುಗಳನ್ನು ಮಾಡಿ ಮುಗಿಸಿ ಗುರುತು ಹಾಕಿದಾಗ, ತಾನು ಬರೆದುದನ್ನು ತಾನು ಮಾಡಬಲ್ಲೆನೆಂಬ ನಂಬಿಕೆ ಮರಳುತ್ತದೆ. ಆ ನಂಬಿಕೆಯೇ ದಿನಚರಿಯ ಮೂಲಧನ. ಇಪ್ಪತ್ತು ಕೆಲಸ ಬರೆದು ಐದನ್ನು ಮಾಡಿದವನು ಐದು ಮಾಡಿದರೂ ಸೋತವನಂತೆ ಮಲಗುತ್ತಾನೆ. ಎರಡು ಬರೆದು ಎರಡನ್ನೂ ಮಾಡಿದವನು ಮರುದಿನ ಪುಸ್ತಕ ತೆರೆಯಲು ಹೆದರುವುದಿಲ್ಲ.

ಸಂಗ್ರಾಹಕರು ಬಾಗಿಲಿಗೆ ಬರುವ ಅಂಶವನ್ನೂ ಇಲ್ಲಿ ಮರೆಯಕೂಡದು. ಪುಸ್ತಕವು ಖಾನೆಯ ತಳದಲ್ಲಿದ್ದರೆ ಮನುಷ್ಯನೇ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅದು ಹಾಜರಿ ಪುಸ್ತಕದ ಜೊತೆಯಲ್ಲಿಯೋ ಕನ್ನಡಕದ ಡಬ್ಬಿಯ ಕೆಳಗೋ ಇದ್ದರೆ ತಾನಾಗಿಯೇ ಕೈಗೆ ಬರುತ್ತದೆ.

ಉಡುಪಿ: ಮುಹೂರ್ತದ ವಿವೇಕ

ದಿನದ ಸಣ್ಣ ಕೆಲಸಗಳಿಗೆ ಎರಡಾಣೆಯ ಸೂತ್ರ ಸಾಕು. ಆದರೆ ವಾರ್ಷಿಕೋತ್ಸವ, ಪರೀಕ್ಷೆ, ಮಗಳ ಮದುವೆ ಮುಂತಾದ ದೊಡ್ಡ ಕಾರ್ಯಗಳು ಗೊತ್ತಾದ ದಿನದಂದು ಬಂದೇ ತೀರುವಂಥವು. ಇವುಗಳ ನಿರ್ವಹಣೆಗೆ ಉಡುಪಿಯ ಪರ್ಯಾಯಕ್ಕಿಂತ ಉತ್ತಮ ಉದಾಹರಣೆ ಕರ್ನಾಟಕದಲ್ಲಿ ದೊರೆಯುವುದು ಕಷ್ಟ.

ಉಡುಪಿಯ ಶ್ರೀಕೃಷ್ಣನ ಪೂಜಾಧಿಕಾರವು ಎಂಟು ಮಠಗಳಲ್ಲಿ ಸರದಿಯಂತೆ ನಡೆಯುತ್ತದೆ. ಮಧ್ವಾಚಾರ್ಯರ ಕಾಲದಿಂದ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಸರದಿಯನ್ನು ವಾದಿರಾಜರು ಎರಡು ವರ್ಷಗಳ ಅವಧಿಗೆ ಮಾರ್ಪಡಿಸಿದರೆಂದೂ, ಆ ಕ್ರಮವು 1522ರಲ್ಲಿ ಆರಂಭವಾಯಿತೆಂದೂ ಸಂಪ್ರದಾಯ ಹೇಳುತ್ತದೆ. ಹೀಗೆ ಒಂದು ಮಠಕ್ಕೆ ಹದಿನಾರು ವರ್ಷಗಳಿಗೊಮ್ಮೆ ಸರದಿ ಬರುತ್ತದೆ. ಈಗ ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಅಧಿಕಾರ ಹಸ್ತಾಂತರವಾಗುತ್ತದೆ. ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಕೈಗಳು ಒಂದು ಕೈಯಿಂದ ಇನ್ನೊಂದು ಕೈಗೆ ಸಲ್ಲುತ್ತವೆ.

ಆ ಒಂದು ದಿನಕ್ಕೆ ಸಿದ್ಧತೆ ಸುಮಾರು ಒಂದು ವರ್ಷ ಮೊದಲೇ ತೊಡಗುತ್ತದೆ. ಮೊದಲು ಬಾಳೆ ಮುಹೂರ್ತ, ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಯಲ್ಲಿ ಭತ್ತ ಮುಹೂರ್ತ. ಸಾವಿರಾರು ಜನರಿಗೆ ನಿತ್ಯವೂ ಅನ್ನದಾನ ಮಾಡಬೇಕಾದವರಿಗೆ ಬಾಳೆಎಲೆಯೂ ಅಕ್ಕಿಯೂ ಸೌದೆಯೂ ಬೇಕು. ಬಾಳೆಯ ಕಂದು ಇಂದು ನೆಟ್ಟರೆ ನಾಳೆ ಎಲೆ ಕೊಡುವುದಿಲ್ಲ. ಆದುದರಿಂದ ಅದೇ ಮೊದಲು. ಮಳೆಗಾಲದಲ್ಲಿ ಸೌದೆ ಒಣಗುವುದಿಲ್ಲ. ಆದುದರಿಂದ ಅದನ್ನು ಮುಂದಾಗಿ ಕೂಡಿಸಿ ರಥದ ಆಕಾರದಲ್ಲಿ ಒಟ್ಟುತ್ತಾರೆ. ಮಧ್ವಸರೋವರದ ಬಳಿಯಲ್ಲಿ ಕಾಣುವ ಕಟ್ಟಿಗೆ ರಥವು ನೋಟಕ್ಕೆ ಚೆಲುವಾದುದು ಮಾತ್ರವಲ್ಲ. ಮುಂಗಂಡು ಮಾಡಿದ ಕೆಲಸದ ಲೆಕ್ಕವೂ ಅದೇ ಆಗಿದೆ.

ಇದರಿಂದ ಕಲಿಯಬೇಕಾದ ಅಂಶಗಳು ಎರಡು. ದೊಡ್ಡ ಕಾರ್ಯವನ್ನು ದಿನಚರಿಯಲ್ಲಿ ಒಂದೇ ಸಾಲಾಗಿ ಬರೆಯಕೂಡದು. 'ವಾರ್ಷಿಕೋತ್ಸವ' ಎಂದು ಬರೆದರೆ ಆ ಸಾಲು ಕೊನೆಯ ದಿನದವರೆಗೂ ಹಾಗೆಯೇ ನಿಂತಿರುತ್ತದೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತ, ಅತಿಥಿಗಳಿಗೆ ಪತ್ರ, ಮಕ್ಕಳ ನಾಟಕದ ಅಭ್ಯಾಸ, ದತ್ತಿ ಬಹುಮಾನಗಳ ಪಟ್ಟಿ, ಆಮಂತ್ರಣದ ಮುದ್ರಣ ಎಂದು ಒಂದೊಂದಕ್ಕೂ ಒಂದೊಂದು ಮುಹೂರ್ತವನ್ನು ಇಡಬೇಕು. ಹೀಗೆ ದಿನ ಗೊತ್ತುಮಾಡುವುದರಿಂದಲೇ ಮನಸ್ಸಿನ ಭಾರ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬಾಮೈಸ್ಟರ್ ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಕಾರ್ಯವು ಇತರ ಕೆಲಸದ ನಡುವೆ ಮನಸ್ಸಿಗೆ ನುಗ್ಗಿ ಅಡ್ಡಿಪಡಿಸುವುದೂ, ಅದನ್ನು ಎಂದು ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದವರಲ್ಲಿ ಕಾರ್ಯ ಮುಗಿಯದಿದ್ದರೂ ಆ ಅಡ್ಡಿ ತಗ್ಗುವುದೂ ಕಂಡುಬಂದಿತು.

ಎರಡನೆಯ ಅಂಶವು ವಾದಿರಾಜರ ಮಾರ್ಪಾಡಿನಲ್ಲಿದೆ. ಎರಡು ತಿಂಗಳ ಅವಧಿ ಎರಡು ವರ್ಷವಾಯಿತೇ ಹೊರತು ಸರದಿಯ ಕ್ರಮ ಅಳಿಯಲಿಲ್ಲ. ದಿನಚರಿ ನಡೆಯದಿದ್ದಾಗ ಅದರ ಅಳತೆಯನ್ನು ಬದಲಿಸುವುದು ಸೋಲಲ್ಲ. ದಿನವೂ ಬರೆಯಲಾಗದವರು ವಾರಕ್ಕೆ ಎರಡು ಬಾರಿ ಬರೆಯಲಿ; ಆದರೆ ಆ ಎರಡು ಬಾರಿಯ ದಿನ ಮತ್ತು ಗಳಿಗೆ ಗೊತ್ತಾಗಿರಲಿ.

ಕಾಪು: ಸಂಜೆಯ ದೀಪ

ಪರ್ಯಾಯ ಪೀಠವನ್ನೇರುವ ಯತಿಗಳು ಆ ದಿನದ ನಸುಕಿನಲ್ಲಿ ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಗೆ ಬರುವುದು ವಾಡಿಕೆ. ಅದೇ ಕಾಪುವಿನ ಕಡಲ ತಡಿಯಲ್ಲಿ, ಬಂಡೆಯ ಮೇಲೆ, 1901ರಲ್ಲಿ ಕಟ್ಟಿದ ಸುಮಾರು 27 ಮೀಟರ್ ಎತ್ತರದ ದೀಪಸ್ತಂಭವಿದೆ. ಪ್ರವಾಸದ ಕೊನೆಯಲ್ಲಿ ಮಕ್ಕಳು ಅದರ ಕೆಳಗೆ ನಿಂತು ಸೂರ್ಯಾಸ್ತವನ್ನು ನೋಡುತ್ತಾರೆ. ದೀಪಸ್ತಂಭದ ಕೆಲಸ ಆಗ ಮೊದಲಾಗುತ್ತದೆ.

ಎಣ್ಣೆಯ ದೀಪಗಳ ಕಾಲದಲ್ಲಿ ದೀಪಸ್ತಂಭದ ಪಾಲಕರು ಹಗಲಿನಲ್ಲಿ ಗಾಜನ್ನು ಒರೆಸಿ, ಬತ್ತಿಯನ್ನು ಸರಿಪಡಿಸಿ, ಹೊತ್ತು ಮುಳುಗುವಾಗ ದೀಪ ಹಚ್ಚುತ್ತಿದ್ದರು. ಈ ಕೆಲಸದಲ್ಲಿ ಬಾಕಿಯೆಂಬುದೇ ಇಲ್ಲ. ನಿನ್ನೆ ಉರಿಯದ ದೀಪಕ್ಕಾಗಿ ಇಂದು ಎರಡು ದೀಪಗಳನ್ನು ಉರಿಸಿದರೆ ನಿನ್ನೆಯ ದೋಣಿಗೆ ದಾರಿ ಕಾಣದು. ಆದರೆ ನಿನ್ನೆ ಉರಿಯಲಿಲ್ಲವೆಂಬ ಸಂಕೋಚದಿಂದ ಇಂದೂ ಹಚ್ಚದೆ ಇದ್ದರೆ ಇಂದಿನ ದೋಣಿಯೂ ಬಂಡೆಗೆ ತಾಗುತ್ತದೆ.

ಅಭ್ಯಾಸವು ನಡುವೆ ಕಡಿದರೆ ಎಲ್ಲವೂ ವ್ಯರ್ಥವೆಂಬ ನಂಬಿಕೆ ನಿರಾಧಾರವಾದುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ದೈನಂದಿನ ಅಭ್ಯಾಸಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ಬೇರೂರಲು ಬೇಕಾದ ಕಾಲವು 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗಿ, ಮಧ್ಯಮಾಂಕ 66 ದಿನಗಳಾಗಿತ್ತು. ಒಂದು ದಿನ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲವೆಂಬುದೂ ಅದರ ಫಲಿತಾಂಶಗಳಲ್ಲಿ ಒಂದು.

ಅಮೆರಿಕದ ರಾಜ್ಯನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್‌ನ ಅನುಭವವೂ ಇಲ್ಲಿ ಸ್ಮರಣೀಯ. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ವಿಶೇಷವಾಗಿ ಸಾಧಿಸುತ್ತ, ತಪ್ಪಿದಾಗ ಚುಕ್ಕೆಯಿಡಲು ಅವನೊಂದು ಚಿಕ್ಕ ಪುಸ್ತಕವನ್ನಿಟ್ಟಿದ್ದನು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಹಾಳೆಗಳು ತೂತಾದವೆಂದೂ, ವಸ್ತುಗಳಿಗೂ ಕೆಲಸಗಳಿಗೂ ತಕ್ಕ ಸ್ಥಳ ಕಾಲಗಳನ್ನು ಕೊಡುವ 'ಕ್ರಮ'ವೆಂಬ ಗುಣವೇ ತನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತೆಂದೂ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ಕಾಲಕ್ರಮದಲ್ಲಿ ಆ ಲೆಕ್ಕವನ್ನು ಅವನು ಬಿಟ್ಟನು. ಆದರೆ ಪುಸ್ತಕವನ್ನು ಮಾತ್ರ ಸದಾ ಜೊತೆಯಲ್ಲಿಟ್ಟುಕೊಂಡಿದ್ದನು. ಅಂತಹ ಮಹಾಪುರುಷನ ದಿನಚರಿಯೂ ಆಗಾಗ ನಿಂತಿತೆಂದ ಮೇಲೆ ಸಾಮಾನ್ಯರು ನಾಚಬೇಕಾದುದೇನಿದೆ?

ಒಂದು ವಾರದ ಕ್ರಮ

ಮೇಲಿನ ವಿವೇಚನೆಯನ್ನು ಆಚರಣೆಗೆ ತರಲಿಚ್ಛಿಸುವವರು ಒಂದು ವಾರದ ಮಟ್ಟಿಗೆ ಈ ಕ್ರಮವನ್ನು ಅನುಸರಿಸಬಹುದು.

ಮೊದಲ ದಿನ ಒಂದು ಗಂಟೆಯ ಕಾಲ ಹಳೆಯ ಪುಟಗಳನ್ನು ಓದಿ ಹೂಳೆತ್ತುವುದು. ಅಂದು ಬೇರೆ ಯಾವ ಕೆಲಸವನ್ನೂ ಮಾಡಹೋಗಬಾರದು. ಎರಡನೆಯ ದಿನ, ಮಾತು ತಪ್ಪಿದವರಿಗೆ ತಿಳಿಸಬೇಕಾದುದನ್ನು ತಿಳಿಸುವುದು. ಮೂರನೆಯ ದಿನದಿಂದ ಆರನೆಯ ದಿನದವರೆಗೆ ದಿನಕ್ಕೆ ಎರಡೇ ಕೆಲಸಗಳನ್ನು ಬರೆದು ಮುಗಿಸುವುದು. ಏಳನೆಯ ದಿನ ಗೊತ್ತಾದ ಗಳಿಗೆಯಲ್ಲಿ ಕುಳಿತು ಕಳೆದ ವಾರವನ್ನು ನೋಡಿ, ಬರುವ ವಾರದ ಮುಹೂರ್ತಗಳನ್ನು ಇಡುವುದು. ಇದಕ್ಕೆ ಅರ್ಧ ಗಂಟೆ ಸಾಕು. ಈ ಅರ್ಧ ಗಂಟೆಯ ಅವಲೋಕನ ತಪ್ಪಿದಾಗಲೇ ಕೆರೆಯಲ್ಲಿ ಹೂಳು ಮತ್ತೆ ಸೇರತೊಡಗುವುದೆಂಬುದನ್ನು ನೆನಪಿಡಬೇಕು.

ಉಪಸಂಹಾರ

ದಿನಚರಿ ಮತ್ತೊಮ್ಮೆ ನಿಲ್ಲುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ಕಾಯಿಲೆ, ಮದುವೆ, ಸಾವು, ವರ್ಗಾವಣೆ ಯಾವುದಾದರೊಂದು ಬಂದು ಅದನ್ನು ನಿಲ್ಲಿಸಿಯೇ ನಿಲ್ಲಿಸುತ್ತದೆ. ಆದುದರಿಂದ ಎಂದಿಗೂ ತಪ್ಪದ ದಿನಚರಿಯನ್ನು ಬಯಸುವುದಕ್ಕಿಂತ, ತಪ್ಪಿದ ಮೇಲೆ ಬೇಗ ಹಿಂದಿರುಗಬಲ್ಲ ದಿನಚರಿಯನ್ನು ಬಯಸುವುದು ವಿವೇಕ. ಹೂಳು ಸೇರುತ್ತದೆ, ಎತ್ತಬೇಕು. ಎರಡಾಣೆ ತಪ್ಪುತ್ತದೆ, ಮರುದಿನ ಕೊಡಬೇಕು. ಅಳತೆ ಹೊಂದದಿದ್ದರೆ ತಿದ್ದಿಕೊಳ್ಳಬೇಕು. ಸಂಜೆಯಾದೊಡನೆ ದೀಪ ಹಚ್ಚಬೇಕು.

ಮೂರು ದಿನ ಬಾರದಿದ್ದ ಬಾಲಕನ ಹೆಸರನ್ನು ನಾಲ್ಕನೆಯ ದಿನವೂ ಕರೆಯುವ ಉಪಾಧ್ಯಾಯರು ಅದೇ ದಾಕ್ಷಿಣ್ಯವನ್ನು ತಮಗೂ ತೋರಿಕೊಳ್ಳಬಹುದು. ಮೇಜಿನ ಖಾನೆಯ ಆ ಪುಸ್ತಕದಲ್ಲಿ ಅರ್ಜಿಯೊಂದರ ದೃಢೀಕರಣಕ್ಕಾಗಿ ಕಾದಿರುವ ವಿದ್ಯಾರ್ಥಿಯ ಹೆಸರು ಇನ್ನೂ ಇರಬಹುದು. ಅದರ ಅವಧಿ ಇನ್ನೂ ಮೀರಿರಲಿಕ್ಕಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಹಾಜರಿ ಪುಸ್ತಕವು ನಿಲ್ಲದೆ ನಡೆಯಲು, ದಿನಚರಿ ನಿಲ್ಲಲು ಕಾರಣಗಳಾವುವು?

2. ಕಾಲ ಮೀರಿದ ಕೆಲಸಕ್ಕೂ ಕಾಲ ಬಂದಿಲ್ಲದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಕಾರ್ಕಳದ ನಿದರ್ಶನಗಳಿಂದ ವಿವರಿಸಿರಿ.

3. ಶಾಲೆಯ ಮುಂದಿನ ವಾರ್ಷಿಕೋತ್ಸವಕ್ಕೆ, ಆ ದಿನದಿಂದ ಹಿಂದಕ್ಕೆ ಎಣಿಸಿ, ನಾಲ್ಕು ಮುಹೂರ್ತಗಳನ್ನು ಗೊತ್ತುಮಾಡಿರಿ.

4. ನಿಮ್ಮ ಹಳೆಯ ದಿನಚರಿಯಲ್ಲಿ ಯಾರಿಗೋ ಕೊಟ್ಟ ಮಾತಾಗಿ ಉಳಿದಿರುವ ಒಂದು ಸಾಲನ್ನು ಆರಿಸಿ, ಇಂದೇ ಅವರಿಗೆ ಪತ್ರ ಬರೆಯಿರಿ.